ಒಳಾಂಗಣ ಆಟದ ಫೋಟೊಗೆ ಕಡಿಮೆ ಖರ್ಚಿನ ಕ್ಯಾಮೆರಾ: ಮೊದಲು ಹಾಲ್ ಅಳೆಯಿರಿ, ಆಮೇಲೆ ಅಂಗಡಿಗೆ ಹೋಗಿ

ಅಕ್ಕನ ಮಗಳು ಬ್ಯಾಡ್ಮಿಂಟನ್ ಟೂರ್ನಿ ಆಡುತ್ತಾಳೆ ಅಂತ ನಾನು ಮೊದಲ ಸಲ ಕ್ಯಾಮೆರಾ ಹಿಡಿದು ಒಳಾಂಗಣ ಕ್ರೀಡಾಂಗಣಕ್ಕೆ ಹೋದೆ. ಹೆಗಲಲ್ಲಿ 70-300 ಎಂಎಂ ಜೂಮ್ ಲೆನ್ಸ್. ಕೆರೆ ಏರಿ ಮೇಲೆ ನಿಂತು ಹಕ್ಕಿಗಳ ಫೋಟೊ ತೆಗೆಯಲು ಕೊಂಡದ್ದು, ಬಿಸಿಲಲ್ಲಿ ಒಮ್ಮೆಯೂ ಕೈ ಕೊಟ್ಟಿರಲಿಲ್ಲ. ಸಂಜೆ ಮನೆಗೆ ಬಂದು ನೋಡಿದರೆ ನಾನೂರು ಚಿಲ್ಲರೆ ಫೋಟೊ. ಕೈ ಯಾವುದು, ರ‍್ಯಾಕೆಟ್ ಯಾವುದು ಅಂತ ಗೊತ್ತಾಗುವಂಥವು ಏಳೋ ಎಂಟೋ ಇದ್ದವು. "ಮಾಮ, ಇದರಲ್ಲಿ ನಾನು ದೆವ್ವದ ಥರ ಕಾಣ್ತಿದೀನಿ" ಅಂದಳು. ನಿಜವೇ.

ಕ್ಯಾಮೆರಾದ್ದೇನೂ ತಪ್ಪಿರಲಿಲ್ಲ. ನಾನು ಕೊಂಡ ಕ್ರಮವೇ ತಲೆಕೆಳಗಾಗಿತ್ತು. ಎಲ್ಲರೂ ಮೊದಲು ಬಾಡಿ (ಲೆನ್ಸ್ ಬಿಟ್ಟು ಉಳಿದ ಕ್ಯಾಮೆರಾ) ಆರಿಸುತ್ತಾರೆ, ಜೊತೆಗೆ ಬಂದ ಕಿಟ್ ಲೆನ್ಸ್ ಇಟ್ಟುಕೊಳ್ಳುತ್ತಾರೆ, ಕೊನೆಗೆ ಹಾಲ್‌ಗೆ ಹೋಗಿ ಕತ್ತಲೆಯನ್ನು ಬೈಯುತ್ತಾರೆ. ಒಳಾಂಗಣ ಆಟಕ್ಕೆ ಇದು ಉಲ್ಟಾ ಆಗಬೇಕು. ಮೊದಲು ಹಾಲ್, ಆಮೇಲೆ ಲೆನ್ಸ್, ಎಲ್ಲಕ್ಕಿಂತ ಕೊನೆಗೆ ಬಾಡಿ. ಹೀಗೆ ಹೊರಟರೆ ಅರ್ಧ ದುಡ್ಡಿನಲ್ಲಿ ಕೆಲಸ ಮುಗಿಯುತ್ತದೆ.

ಹಂತ 1: ಹಾಲ್‌ನ ಬೆಳಕು ಅಳೆಯಿರಿ

ಇದಕ್ಕೆ ಒಂದು ರೂಪಾಯಿ ಖರ್ಚಿಲ್ಲ, ಫೋನ್ ಸಾಕು. ನೀವು ಫೋಟೊ ತೆಗೆಯಬೇಕಾದ ಹಾಲ್‌ಗೆ, ಪಂದ್ಯ ನಡೆಯುವ ಹೊತ್ತಿನಲ್ಲೇ ಹೋಗಿ. ಬೆಳಗ್ಗೆ ಹನ್ನೊಂದಕ್ಕೆ ಕಿಟಕಿಯಿಂದ ಬೆಳಕು ಸುರಿಯುವ ಹಾಲ್ ಸಂಜೆ ಏಳಕ್ಕೆ ಬೇರೆಯೇ ಜಾಗ.

ಫೋನಿನ ಕ್ಯಾಮೆರಾದಲ್ಲಿ ಪ್ರೊ ಮೋಡ್ ತೆರೆಯಿರಿ. ಶಟರ್ ಸ್ಪೀಡ್, ಅಂದರೆ ಬೆಳಕು ಒಳಗೆ ಬಿಡುವ ಹೊತ್ತು, 1/1000 ಸೆಕೆಂಡಿಗೆ ಇಡಿ. ಆಟಗಾರರ ಮುಖ ಸರಿಯಾಗಿ ಕಾಣುವವರೆಗೆ ಐಎಸ್‌ಒ (ಬೆಳಕನ್ನು ಹಿಗ್ಗಿಸುವ ಅಳತೆ, ಏರಿದಷ್ಟೂ ಫೋಟೊದಲ್ಲಿ ಕಾಳು ಕಾಳಾದ ಚುಕ್ಕಿ ಕಾಣುತ್ತದೆ) ಏರಿಸಿ. ಎಷ್ಟಕ್ಕೆ ಸರಿ ಹೋಯಿತು ಅಂತ ಬರೆದುಕೊಳ್ಳಿ. ಎಷ್ಟೋ ಫೋನ್‌ಗಳ ಮುಖ್ಯ ಲೆನ್ಸ್ ಎಫ್ 1.8ರ (ಎಫ್ ಅಂದರೆ ಬೆಳಕು ಬರುವ ಲೆನ್ಸಿನ ಬಾಯಿಯ ಅಳತೆ) ಆಸುಪಾಸಿನಲ್ಲೇ ಇರುತ್ತದೆ. ಹಾಗಾಗಿ ಕ್ಯಾಮೆರಾಗೆ ಎಫ್ 1.8 ಲೆನ್ಸ್ ಹಾಕಿದರೂ ಹೆಚ್ಚು ಕಡಿಮೆ ಅಷ್ಟೇ ಐಎಸ್‌ಒ ಬೇಕಾಗುತ್ತದೆ. ಫೋನಿನ ಲೆಕ್ಕ ತೀರಾ ಕರಾರುವಾಕ್ಕಲ್ಲ, ಆದರೆ ಅಂದಾಜಿಗೆ ಸಾಕು.

ಈಗ ಒಂದು ಉದಾಹರಣೆ. ಹಾಲ್‌ನಲ್ಲಿ ಸುಮಾರು 320 ಲಕ್ಸ್ (ಬೆಳಕಿನ ಅಳತೆ) ಬೆಳಕಿದೆ ಅಂದುಕೊಳ್ಳಿ. ಶಟರ್ 1/1000. ಎಫ್ 1.8 ಲೆನ್ಸಿಗೆ ಐಎಸ್‌ಒ 2500 ಸಾಕು. ಎಫ್ 2.8ಕ್ಕೆ 6400 ಬೇಕು. ನನ್ನ ಹಳೇ ಜೂಮ್ ಪೂರ್ತಿ ಚಾಚಿದಾಗ ಎಫ್ 5.6 ಆಗುತ್ತಿತ್ತು, ಅದಕ್ಕೆ 25600 ಬೇಕು! ಅಷ್ಟು ಏರಿಸಲು ಹೆದರಿ ನಾನು ಶಟರ್ ಇಳಿಸಿದ್ದೆ. ದೆವ್ವ ಬಂದದ್ದು ಅಲ್ಲಿಂದಲೇ. ಎಫ್ ಪಕ್ಕದ ಅಂಕಿ ಚಿಕ್ಕದಾದಷ್ಟೂ ಲೆನ್ಸಿನ ಬಾಯಿ ದೊಡ್ಡದು. 1.8ಕ್ಕೂ 5.6ಕ್ಕೂ ನಡುವೆ ಬೆಳಕಿನಲ್ಲಿ ಹತ್ತಿರಹತ್ತಿರ ಹತ್ತು ಪಟ್ಟು ವ್ಯತ್ಯಾಸ. ಎಷ್ಟೇ ದುಬಾರಿ ಬಾಡಿ ತಂದರೂ ಈ ಹತ್ತು ಪಟ್ಟನ್ನು ತುಂಬಿಕೊಡುವುದಿಲ್ಲ.

ಶಟರ್ ಎಷ್ಟಿರಬೇಕು ಅನ್ನುವುದು ಆಟದ ಮೇಲೆ ಹೋಗುತ್ತದೆ. ಕಬಡ್ಡಿಗೆ 1/640 ಸಾಕು. ಬ್ಯಾಸ್ಕೆಟ್‌ಬಾಲ್, ವಾಲಿಬಾಲ್‌ಗೆ 1/800. ಬ್ಯಾಡ್ಮಿಂಟನ್, ಟೇಬಲ್ ಟೆನಿಸ್‌ಗೆ 1/1000ಕ್ಕಿಂತ ಕೆಳಗೆ ಇಳಿಯಬೇಡಿ. ಸ್ಮ್ಯಾಶ್ ಹೊಡೆದ ಕ್ಷಣದಲ್ಲಿ ಶಟಲ್ ಕಲ್ಲಿನ ಹಾಗೆ ನಿಂತಿರಬೇಕು ಅನ್ನುವ ಆಸೆ ಮಾತ್ರ ಬಿಟ್ಟುಬಿಡಿ. ಸಾತ್ವಿಕ್‌ಸಾಯಿರಾಜ್ ರಂಕಿರೆಡ್ಡಿ 2023ರಲ್ಲಿ ಹೊಡೆದ ದಾಖಲೆಯ ಸ್ಮ್ಯಾಶ್ ಗಂಟೆಗೆ 565 ಕಿಮೀ. ಆ ವೇಗದಲ್ಲಿ 1/1000 ಸೆಕೆಂಡಿನಲ್ಲಿ ಶಟಲ್ ಒಂದು ಗೇಣಿಗೆ ತುಸು ಕಡಿಮೆ ದೂರ ಹೋಗಿರುತ್ತದೆ. ನಮ್ಮ ಹುಡುಗರ ಸ್ಮ್ಯಾಶ್ ಅಷ್ಟಿರುವುದಿಲ್ಲ ಬಿಡಿ. ಆದರೂ ಮುಖ, ಕೈ, ರ‍್ಯಾಕೆಟ್ ಸ್ಪಷ್ಟ ಬಂದು ಶಟಲ್ ಒಂದು ಬಿಳಿ ಗೀಟಾದರೆ ಅದೇ ಚೆಂದ.

ಹಾಲ್‌ನಲ್ಲೇ ಇನ್ನೊಂದು ಪರೀಕ್ಷೆ ಮಾಡಿ. ಫೋನಿನ ಸ್ಲೋ ಮೋಷನ್‌ನಲ್ಲಿ ಮೇಲಿನ ದೀಪಗಳ ವಿಡಿಯೊ ತೆಗೆಯಿರಿ. ದೀಪ ಮಿಣಮಿಣ ಅಂದರೆ ಅದನ್ನೂ ಬರೆದುಕೊಳ್ಳಿ. ನಮ್ಮ ಕರೆಂಟ್ 50 ಹರ್ಟ್ಸ್, ಆದ್ದರಿಂದ ಹಳೇ ಚೋಕಿನ ಟ್ಯೂಬ್‌ಲೈಟ್, ಮೆಟಲ್ ಹ್ಯಾಲೈಡ್, ಅಗ್ಗದ ಎಲ್‌ಇಡಿಗಳು ಸೆಕೆಂಡಿಗೆ 100 ಸಲ ಮಂಕಾಗಿ ಮತ್ತೆ ಬೆಳಗುತ್ತವೆ. ಕಣ್ಣಿಗೆ ಗೊತ್ತಾಗುವುದಿಲ್ಲ. 1/1000ರಲ್ಲಿ ತೆಗೆದಾಗ ಗೊತ್ತಾಗುತ್ತದೆ: ಒಂದು ಫೋಟೊ ಬೆಳ್ಳಗೆ, ಮುಂದಿನದು ಅರ್ಧ ಅರಿಶಿನ ಬಳಿದ ಹಾಗೆ. ಬಾಡಿ ಆರಿಸುವಾಗ ಇದು ಬೇಕಾಗುತ್ತದೆ.

ಹಂತ 2: ಎಲ್ಲಿ ನಿಲ್ಲುತ್ತೀರಿ?

ಪಂದ್ಯದ ವ್ಯವಸ್ಥಾಪಕರನ್ನೋ ಕೋಚನ್ನೋ ಕೇಳಿಕೊಳ್ಳಿ. ಕೋರ್ಟಿನ ಅಂಚಿನವರೆಗೆ ಬಿಡುತ್ತಾರಾ, ಗ್ಯಾಲರಿಯಲ್ಲೇ ಕೂರಬೇಕಾ? ಈ ಒಂದು ಪ್ರಶ್ನೆಗೆ ಸಿಗುವ ಉತ್ತರ ನಿಮಗೆ ಸಾವಿರಾರು ರೂಪಾಯಿ ಉಳಿಸಬಹುದು. ಜಿಲ್ಲಾ, ಶಾಲಾ ಮಟ್ಟದ ಪಂದ್ಯಗಳಲ್ಲಿ ವಿನಯವಾಗಿ ಕೇಳಿದರೆ ಬಿಡುವವರೇ ಜಾಸ್ತಿ. ಫ್ಲ್ಯಾಶ್ ಹಾಕುವುದಿಲ್ಲ ಅಂತ ಮೊದಲೇ ಹೇಳಿಬಿಡಿ.

ದೂರ ಅಳೆಯಲು ಟೇಪ್ ಬೇಡ, ಅಂಕಣವೇ ಅಳತೆಗೋಲು. ಬ್ಯಾಡ್ಮಿಂಟನ್ ಕೋರ್ಟ್ ಉದ್ದ 13.4 ಮೀಟರ್, ಅಗಲ 6.1. ಪುರುಷರ ಕಬಡ್ಡಿ ಅಂಕಣ 13ಕ್ಕೆ 10. ವಾಲಿಬಾಲ್ 18ಕ್ಕೆ 9, ಬ್ಯಾಸ್ಕೆಟ್‌ಬಾಲ್ 28ಕ್ಕೆ 15.

ಇನ್ನು ಒಂದು ಸುಲಭ ಲೆಕ್ಕ. ಲೆನ್ಸಿನ ಎಂಎಂ ಅಂಕಿ ದೊಡ್ಡದಾದಷ್ಟೂ ದೂರದ್ದು ಹತ್ತಿರ ಕಾಣುತ್ತದೆ, ಚೌಕಟ್ಟಿಗೆ ಬರುವ ಜಾಗ ಕಿರಿದಾಗುತ್ತದೆ. ನಮ್ಮಲ್ಲಿ ಹೆಚ್ಚಿನವರ ಕೈಲಿರುವುದು ಕ್ರಾಪ್ ಸೆನ್ಸರ್ ಕ್ಯಾಮೆರಾ (ಬೆಳಕು ಹಿಡಿಯುವ ಸೆನ್ಸರ್ ಹಳೇ ಫಿಲ್ಮಿಗಿಂತ ಚಿಕ್ಕದು). ಅದಕ್ಕೆ 50 ಎಂಎಂ ಲೆನ್ಸ್ ಹಾಕಿದರೆ ಫೋಟೊದ ಉದ್ದನೆಯ ಬದಿಯಲ್ಲಿ, ನೀವು ನಿಂತ ದೂರದ ಅರ್ಧಕ್ಕಿಂತ ತುಸು ಕಡಿಮೆ ಜಾಗ ಹಿಡಿಯುತ್ತದೆ. 85 ಎಂಎಂ ಆದರೆ ದೂರದ ಕಾಲು ಭಾಗಕ್ಕಿಂತ ತುಸು ಜಾಸ್ತಿ.

ಕಬಡ್ಡಿ ತೆಗೆದುಕೊಳ್ಳಿ. ರೈಡರ್ ಮುಖ ಬೇಕು ಅಂದರೆ ಡಿಫೆಂಡರ್‌ಗಳ ಬೆನ್ನ ಹಿಂದೆ, ಎಂಡ್ ಲೈನಿನಿಂದ ಎರಡು ಮೀಟರ್ ಆಚೆ, ನೆಲದ ಮೇಲೆ ಕೂರಬೇಕು. ಮಧ್ಯದ ಗೆರೆಯಿಂದ ಬಾಕ್ ಲೈನ್ 3.75 ಮೀಟರ್, ಅಲ್ಲಿಂದ ಬೋನಸ್ ಲೈನ್ ಇನ್ನೊಂದು ಮೀಟರ್. ರೈಡರ್ ಬೋನಸ್‌ಗೆ ಕಾಲು ಚಾಚಿದಾಗ ನಿಮಗೂ ಅವನಿಗೂ ನಡುವೆ ಹೆಚ್ಚೆಂದರೆ ನಾಲ್ಕೈದು ಮೀಟರ್. 50 ಎಂಎಂ ಅಡ್ಡಕ್ಕೆ ಹಿಡಿದರೆ ಸುಮಾರು ಎರಡು ಮೀಟರ್ ಅಗಲ ಸಿಗುತ್ತದೆ. ಬಗ್ಗಿ ನಿಂತ ರೈಡರ್, ಅವನ ಪಾದದ ಕಡೆ ಹಾರುತ್ತಿರುವ ಮೂಲೆಯ ಡಿಫೆಂಡರ್‌ನ ಕೈ, ಇಬ್ಬರೂ ಚೌಕಟ್ಟಿನೊಳಗೆ. ಇಲ್ಲಿ 85 ಎಂಎಂ ಹಾಕಿದರೆ ಬರೀ ಎದೆ ತಲೆ ಸಿಗುತ್ತದೆ, ಆಟ ಹೊರಗೆ ಉಳಿಯುತ್ತದೆ.

ಬ್ಯಾಡ್ಮಿಂಟನ್ ಇದಕ್ಕೆ ತದ್ವಿರುದ್ಧ. ಎದುರು ಕೋರ್ಟಿನ ಹಿಂದೆ ಮೂಲೆಯಲ್ಲಿ ಕೂತು ಆಚೆ ಬದಿಯ ಆಟಗಾರನ ಮುಖ ಹಿಡಿಯಬೇಕು. ದೂರ ಹನ್ನೆರಡು ಮೀಟರ್ ಆಸುಪಾಸು. 85 ಎಂಎಂ ಲೆನ್ಸ್ ನೆಟ್ಟಗೆ ಹಿಡಿದರೆ ಮೂರು ಮೀಟರಿಗಿಂತ ಜಾಸ್ತಿ ಎತ್ತರ ಬರುತ್ತದೆ. ಹಾರಿ ಹೊಡೆದರೂ ರ‍್ಯಾಕೆಟ್ ತುದಿ ಕಟ್ ಆಗುವುದಿಲ್ಲ. ಬ್ಯಾಸ್ಕೆಟ್‌ಬಾಲ್‌ನಲ್ಲಿ ಬುಟ್ಟಿ ಕೆಳಗೆ ಕೂರುವುದಾದರೆ 35 ಅಥವಾ 50.

ಗ್ಯಾಲರಿಯ ಮೇಲಿನ ಸಾಲಿನಿಂದ ಮಾತ್ರ ತೆಗೆಯಬೇಕು ಅಂದರೆ ಕಡಿಮೆ ಖರ್ಚಿನ ಮಾತು ಕಷ್ಟ. ಆಗ ಹಂತ 3ರ ಕೊನೆಯಲ್ಲಿ ಹೇಳಿರುವ ಬಾಡಿಗೆ ದಾರಿಯೇ ಸರಿ.

ಹಂತ 3: ದುಡ್ಡು ಲೆನ್ಸಿಗೆ ಹಾಕಿ

ಕಡಿಮೆ ದುಡ್ಡಿಗೆ ದೊಡ್ಡ ಬಾಯಿ ಬೇಕಾದರೆ ಜೂಮ್ ಬಿಟ್ಟುಕೊಡಬೇಕು. ಪ್ರೈಮ್ ಲೆನ್ಸ್ ಅಂದರೆ ಅದೇ. ಹತ್ತಿರ ದೂರ ಬೇಕಾದರೆ ನೀವೇ ಸರಿದಾಡಬೇಕು. ಒಂದೆರಡು ವಾರ ಕೈ ಕಟ್ಟಿಹಾಕಿದ ಹಾಗೆ ಅನಿಸುತ್ತದೆ, ಆಮೇಲೆ ರೂಢಿಯಾಗುತ್ತದೆ.

ಕ್ಯಾನನ್ ಡಿಎಸ್‌ಎಲ್‌ಆರ್ (ಒಳಗೆ ಕನ್ನಡಿ ಇರುವ ಕ್ಯಾಮೆರಾ) ಇದ್ದವರಿಗೆ ಇಎಫ್ 50 ಎಂಎಂ ಎಫ್ 1.8 ಎಸ್‌ಟಿಎಂ ಅತಿ ಅಗ್ಗದ ಬಾಗಿಲು. 2015ರಲ್ಲಿ ಬಂದದ್ದು. ಅದಕ್ಕೂ ಹಿಂದಿನ ಪ್ಲಾಸ್ಟಿಕ್ ಮಾದರಿ ಇನ್ನೂ ಅಗ್ಗಕ್ಕೆ ಸಿಗುತ್ತದೆ, ಆದರೆ ಫೋಕಸ್ ಆಗುವಾಗ ಗರಗರ ಅಂದು ತಡ ಮಾಡುತ್ತದೆ. ಆಟಕ್ಕೆ ಬೇಡ. ನನ್ನನ್ನು ಕೇಳಿದರೆ ಕ್ಯಾನನ್‌ನವರಿಗೆ ನಿಜವಾದ ಚಿನ್ನ ಇಎಫ್ 85 ಎಂಎಂ ಎಫ್ 1.8 ಯುಎಸ್‌ಎಂ. 1992ರ ಲೆನ್ಸ್, 425 ಗ್ರಾಂ ತೂಕ, ಫೋಕಸ್ ಚಕ್ಕನೆ ಕೂರುತ್ತದೆ. ಮೂವತ್ತು ವರ್ಷ ದಾಟಿದ ಲೆನ್ಸ್ ಅಂತ ಹಿಂಜರಿಯಬೇಡಿ. ಅಡಾಪ್ಟರ್ ಹಾಕಿದರೆ ಕನ್ನಡಿ ಇಲ್ಲದ ಹೊಸ ಆರ್ ಸರಣಿಯ ಮಿರರ್‌ಲೆಸ್‌ನಲ್ಲೂ ಚೆನ್ನಾಗಿ ಓಡುತ್ತದೆ. ಆರ್‌ಎಫ್ 85 ಎಂಎಂ ಎಫ್ 2 ಮ್ಯಾಕ್ರೊ ಹೊಸದು, ಚೂಪು ಕೂಡ, ಆದರೆ ಫೋಕಸ್ ನಿಧಾನ. ಓಡುವ ಆಟಗಾರನಿಗೆ ನಾನು ಹಳೆಯದನ್ನೇ ಹಾಕುತ್ತೇನೆ.

ನಿಕಾನ್‌ನವರಿಗೆ 50 ಎಂಎಂ ಎಫ್ 1.8ಜಿ, 85 ಎಂಎಂ ಎಫ್ 1.8ಜಿ. ಎರಡನೆಯದು ಬರೀ 350 ಗ್ರಾಂ. ಇಲ್ಲೊಂದು ಗುಂಡಿ ಇದೆ, ಬಹಳ ಜನ ಬೀಳುತ್ತಾರೆ. ಲೆನ್ಸಿನ ಹೆಸರಿನಲ್ಲಿ 'ಎಎಫ್-ಎಸ್' ಇದೆಯಾ, ಬರೀ 'ಎಎಫ್' ಇದ್ದು ಕೊನೆಗೆ 'ಡಿ' ಇದೆಯಾ ನೋಡಿ. ಡಿ ಲೆನ್ಸ್‌ಗಳೊಳಗೆ ಫೋಕಸ್ ಮೋಟರ್ ಇರುವುದಿಲ್ಲ. ಡಿ3000, ಡಿ5000 ಸರಣಿಯ ಬಾಡಿಗಳಲ್ಲೂ ಇಲ್ಲ. ಎರಡೂ ಸೇರಿದರೆ ಆಟೋಫೋಕಸ್ಸೇ ಇಲ್ಲ! ಡಿ7000 ಸರಣಿ, ಡಿ500, ಡಿ750ಗಳಲ್ಲಿ ಬಾಡಿಯೊಳಗೇ ಮೋಟರ್ ಇದೆ, ಅಲ್ಲಿ ಡಿ ಲೆನ್ಸ್ ನಡೆಯುತ್ತದೆ. ಜೆಡ್ ಮಿರರ್‌ಲೆಸ್‌ಗೆ ಎಫ್‌ಟಿಜೆಡ್ ಅಡಾಪ್ಟರ್ ಹಾಕಿದರೂ ಡಿ ಲೆನ್ಸ್ ಫೋಕಸ್ ಆಗುವುದಿಲ್ಲ.

ಸೋನಿಗೆ ಎಫ್‌ಇ 85 ಎಂಎಂ ಎಫ್ 1.8 ಒಳ್ಳೆಯದು. ಸಿಗ್ಮಾ 56 ಎಂಎಂ ಎಫ್ 1.4 ಸೋನಿ, ಫ್ಯೂಜಿ ಕ್ರಾಪ್ ಬಾಡಿಗಳಿಗೆ ಸಿಗುತ್ತದೆ. ಕಬಡ್ಡಿ, ಬ್ಯಾಸ್ಕೆಟ್‌ಬಾಲ್‌ಗೆ ಹೇಳಿ ಮಾಡಿಸಿದ ಹಾಗಿದೆ.

ಅಂಗಡಿಯಲ್ಲಿ "ಸಾರ್, ಇದರಲ್ಲಿ ಸ್ಟೆಬಿಲೈಸೇಷನ್ ಇದೆ, ಕತ್ತಲಲ್ಲೂ ಶೇಕ್ ಆಗಲ್ಲ" ಅಂತಾರೆ. ಅದು ನಿಮ್ಮ ಕೈ ನಡುಕ ತಡೆಯುತ್ತದೆ, ಆಟಗಾರ ಓಡುವುದನ್ನು ತಡೆಯುತ್ತದಾ? ಆಟಕ್ಕೆ ಅದಕ್ಕಾಗಿ ಹೆಚ್ಚು ದುಡ್ಡು ಕೊಡಬೇಡಿ. ಟೆಲಿಕನ್ವರ್ಟರ್ (ಲೆನ್ಸಿನ ಹಿಂದೆ ಸೇರಿಸಿ ದೂರದ್ದನ್ನು ಹಿಗ್ಗಿಸುವ ತುಂಡು) ಕೂಡ ಬೇಡ. 1.4 ಪಟ್ಟಿನದು ಹಾಕಿದರೆ ಅರ್ಧ ಬೆಳಕು ಹೋಯಿತು.

70-200 ಎಫ್ 2.8? ಎಲ್ಲರ ಕನಸು. ಕ್ಯಾನನ್‌ನ ಎರಡನೇ ತಲೆಮಾರಿನದು 1490 ಗ್ರಾಂ ತೂಗುತ್ತದೆ. ಬೆಲೆಯೂ ಹಾಗೇ ತೂಕದ್ದು. ವರ್ಷಕ್ಕೆ ಎರಡು ಮೂರು ದೊಡ್ಡ ಟೂರ್ನಿ ತೆಗೆಯುವವರು ಇದನ್ನು ಕೊಳ್ಳುವುದಕ್ಕಿಂತ ಬಾಡಿಗೆಗೆ ತರುವುದು ಜಾಣತನ. ಬೆಂಗಳೂರಿನಲ್ಲಿ ದಿನದ ಲೆಕ್ಕದಲ್ಲಿ ಕೊಡುವವರು ಬೇಕಾದಷ್ಟಿದ್ದಾರೆ. ಬೇರೆ ಊರಿನಲ್ಲಿ ಮದುವೆ ಫೋಟೊಗ್ರಾಫರ್‌ಗಳನ್ನು ಕೇಳಿ. ಆಷಾಢದಲ್ಲಿ ಅವರ ಲೆನ್ಸ್ ಹೇಗೂ ಬೀರುವಿನಲ್ಲೇ ಇರುತ್ತದೆ.

ಹಂತ 4: ಈಗ ಬಾಡಿ

ನಿಮ್ಮ ಹತ್ತಿರ ಈಗಾಗಲೇ ಯಾವುದೋ ಡಿಎಸ್‌ಎಲ್‌ಆರ್ ಇದ್ದರೆ ಈ ಹಂತವನ್ನು ಸದ್ಯಕ್ಕೆ ಬಿಟ್ಟುಬಿಡಿ. ಲೆನ್ಸ್ ಮಾತ್ರ ಕೊಂಡು ಒಂದು ಸೀಸನ್ ತೆಗೆಯಿರಿ. ನನ್ನ ದೆವ್ವದ ಫೋಟೊ ತೆಗೆದ ಬಾಡಿಯಲ್ಲೇ, ಬರೀ 85 ಎಂಎಂ ಹಾಕಿಕೊಂಡು, ಮುಂದಿನ ವರ್ಷದ ಟೂರ್ನಿ ತೆಗೆದೆ. ಅಕ್ಕನ ಮನೆ ಗೋಡೆಯಲ್ಲಿ ಈಗ ತೂಗುತ್ತಿರುವುದು ಅದರ ಒಂದು ಫೋಟೊ.

ಹೊಸದಾಗಿ ಕೊಳ್ಳುವವರು ಮೆಗಾಪಿಕ್ಸೆಲ್ ನೋಡಬೇಡಿ, 20 ಇದ್ದರೆ ಧಾರಾಳ. ನೋಡಬೇಕಾದದ್ದು ಫೋಕಸ್, ದೀಪದ ಮಿಣುಕು ತಡೆಯುವ ಸೌಲಭ್ಯ, ಸೆಕೆಂಡಿಗೆ ಎಷ್ಟು ಫ್ರೇಮ್ ಅನ್ನುವುದು. ಆ ಕ್ರಮದಲ್ಲೇ.

ಸೆಕೆಂಡ್ ಹ್ಯಾಂಡ್ ಸಂತೆಯಲ್ಲಿ ನನಗೆ ಇಷ್ಟವಾದದ್ದು ಕ್ಯಾನನ್ 7ಡಿ ಮಾರ್ಕ್ 2. 2014ರದು. 65 ಫೋಕಸ್ ಪಾಯಿಂಟ್, ಸೆಕೆಂಡಿಗೆ 10 ಫ್ರೇಮ್. ಮುಖ್ಯವಾಗಿ ಆ್ಯಂಟಿ ಫ್ಲಿಕರ್ ಇದೆ. ದೀಪ ಪೂರ್ತಿ ಬೆಳಗುವ ಗಳಿಗೆ ಕಾದು ಶಟರ್ ಬಿಡುತ್ತದೆ. ಮಿಣಮಿಣ ಹಾಲ್‌ನಲ್ಲಿ ಈ ಒಂದು ಸೌಲಭ್ಯವೇ ಬಣ್ಣ ತಿದ್ದುವ ಒಂದಿಡೀ ರಾತ್ರಿಯ ಕೆಲಸ ಉಳಿಸುತ್ತದೆ. ಕ್ಯಾನನ್ 80ಡಿ, ನಿಕಾನ್ ಡಿ7500, ಡಿ500ಗಳಲ್ಲೂ ಇಂಥದ್ದು ಇದೆ. ನಿಕಾನ್ ಡಿ7200 ಒಳ್ಳೆಯ ಬಾಡಿ, ಸೆನ್ಸರ್ ಕೂಡ ಚೆನ್ನ, ಆದರೆ ಫೋಟೊಗೆ ಫ್ಲಿಕರ್ ತಡೆ ಇಲ್ಲ. ನಿಮ್ಮ ಹಾಲ್‌ನ ದೀಪ ಸ್ಲೋ ಮೋಷನ್‌ನಲ್ಲಿ ಮಿಣುಕದಿದ್ದರೆ ಧೈರ್ಯವಾಗಿ ತೆಗೆದುಕೊಳ್ಳಿ. ಅದರ ಅಣ್ಣ ಡಿ7100 ಬೇಡ. ರಾ ಫೈಲ್‌ನಲ್ಲಿ (ಸಂಸ್ಕರಿಸದ ದೊಡ್ಡ ಫೈಲ್) ಒತ್ತಿ ಹಿಡಿದರೆ ಸುಮಾರು ಒಂದು ಸೆಕೆಂಡಿಗೆ ಒಳಗಿನ ತಾತ್ಕಾಲಿಕ ಮೆಮೊರಿ (ಬಫರ್) ತುಂಬಿ ಏದುಸಿರು ಬಿಡುತ್ತದೆ.

ಫುಲ್ ಫ್ರೇಮ್ (ಸೆನ್ಸರ್ ಹಳೇ ಫಿಲ್ಮಿನಷ್ಟೇ ದೊಡ್ಡದು) ಅಗ್ಗಕ್ಕೆ ಬಂತು ಅಂತ ಕ್ಯಾನನ್ 6ಡಿ ಕಡೆ ಕಣ್ಣು ಹೋಗುತ್ತದೆ. ಕತ್ತಲೆಯಲ್ಲಿ ಫೋಟೊ ಶುದ್ಧ. ಆದರೆ ಇರುವ 11 ಪಾಯಿಂಟ್‌ನಲ್ಲಿ ನೆಚ್ಚಿಕೊಳ್ಳಬಹುದಾದದ್ದು ನಡುವಿನದೊಂದೇ, ಸೆಕೆಂಡಿಗೆ 4.5 ಫ್ರೇಮ್. ಆಟಕ್ಕೆ ತಾಳ್ಮೆ ಬೇಡುವ ಕ್ಯಾಮೆರಾ ಅದು. ನಿಕಾನ್ ಡಿ750 ಆದರೆ ಸರಿ.

ಇನ್ನೂ ಸ್ವಲ್ಪ ದುಡ್ಡಿದ್ದರೆ ಮಿರರ್‌ಲೆಸ್. ಸೋನಿ ಎ6400, ಕ್ಯಾನನ್ ಆರ್10 ಎರಡೂ ಮುಖ, ಕಣ್ಣು ಹಿಡಿದು ಹಿಂಬಾಲಿಸುತ್ತವೆ. ಫೋಕಸ್ ಪಾಯಿಂಟ್ ಸರಿಸುವ ತಲೆನೋವು ಅರ್ಧ ಕಡಿಮೆ. ಒಂದು ಎಚ್ಚರಿಕೆ: ಸದ್ದಿಲ್ಲದ ಎಲೆಕ್ಟ್ರಾನಿಕ್ ಶಟರ್ ಹಾಕಬೇಡಿ. ಎಲ್‌ಇಡಿ ಕೆಳಗೆ ಫೋಟೊ ತುಂಬ ಪಟ್ಟೆ ಬರುತ್ತದೆ, ಬೀಸಿದ ರ‍್ಯಾಕೆಟ್ ಬಾಳೆಹಣ್ಣಿನಂತೆ ಬಾಗುತ್ತದೆ. ಮೆಕ್ಯಾನಿಕಲ್ ಶಟರೇ ಇರಲಿ.

ಹಂತ 5: ಸೆಕೆಂಡ್ ಹ್ಯಾಂಡ್ ಕೊಳ್ಳುವಾಗ

ಹಗಲಲ್ಲಿ ಹೋಗಿ. ಫೋನ್ ಟಾರ್ಚ್, ನಿಮ್ಮದೇ ಮೆಮೊರಿ ಕಾರ್ಡ್ ಜೊತೆಗಿರಲಿ.

ಲೆನ್ಸ್ ಎರಡೂ ಕಡೆಯ ಮುಚ್ಚಳ ತೆಗೆದು, ಟಾರ್ಚನ್ನು ಹಿಂದಿನಿಂದ ಓರೆಯಾಗಿ ಬಿಟ್ಟು ಮುಂದಿನಿಂದ ನೋಡಿ. ಒಮ್ಮೆ ಕರಾವಳಿಯಿಂದ ಬಂದಿದ್ದ ಒಂದು 85 ಎಂಎಂ ನೋಡಿದೆ. ಹೊರಗೆ ಹೊಸದರಂತೆ ಹೊಳೆಯುತ್ತಿತ್ತು. ಟಾರ್ಚ್ ಬಿಟ್ಟಾಗ ಒಳಗಿನ ಗಾಜಿನ ಅಂಚಿನಲ್ಲಿ ಬಿಳಿ ಎಳೆಗಳು, ಜೇಡ ಬಲೆ ಶುರು ಮಾಡಿದ ಹಾಗೆ. "ಧೂಳು ಸಾರ್, ಒರೆಸಿದ್ರೆ ಹೋಗುತ್ತೆ" ಅಂದ ಮಾರುವವ. ಧೂಳು ಚುಕ್ಕಿಯಾಗಿ ಇರುತ್ತದೆ, ಕವಲೊಡೆದು ಹಬ್ಬುವುದಿಲ್ಲ. ಅದು ಫಂಗಸ್. ನಮಸ್ಕಾರ ಹೇಳಿ ಬಂದೆ.

ಬಾಡಿಯಲ್ಲಿ ಶಟರ್ ಎಷ್ಟು ಸಲ ಬಡಿದಿದೆ ನೋಡಿ. ನಿಕಾನ್ ಆದರೆ ಒಂದು ಫೋಟೊ ತೆಗೆದು ಅದರ ಫೈಲ್ ಮಾಹಿತಿಯಲ್ಲೇ ತಿಳಿಯಬಹುದು. ಕ್ಯಾನನ್‌ನದು ಹಾಗೆ ಸಿಗುವುದಿಲ್ಲ, ಕೇಬಲ್ ಹಾಕಿ ಸಾಫ್ಟ್‌ವೇರ್‌ನಲ್ಲಿ ನೋಡಬೇಕು ಅಥವಾ ಸರ್ವಿಸ್‌ನವರನ್ನು ಕೇಳಬೇಕು. ಕಂಪನಿ ಹೇಳುವ ಆಯಸ್ಸು 80ಡಿಗೆ 1 ಲಕ್ಷ, ಡಿ7200ಗೆ 1.5 ಲಕ್ಷ, 7ಡಿ ಮಾರ್ಕ್ 2ಗೆ 2 ಲಕ್ಷ. ಮದುವೆ ಮನೆಯಲ್ಲಿ ದುಡಿದು ಬಂದ ಬಾಡಿ ಆ ಅಂಕಿಯ ಹತ್ತಿರವಿದ್ದರೆ ಬೆಲೆ ಇಳಿಸಿ ಕೇಳಿ.

ಆಮೇಲೆ ಲೆನ್ಸ್ ಹಾಕಿ, ಎಫ್ 1.8ಕ್ಕೆ ಇಟ್ಟು, ಓರೆಯಾಗಿ ಹಿಡಿದ ದಿನಪತ್ರಿಕೆಯ ನಡುವಿನ ಒಂದು ಸಾಲಿಗೆ ಫೋಕಸ್ ಮಾಡಿ ಹತ್ತು ಫೋಟೊ ತೆಗೆಯಿರಿ. ಆ ಸಾಲಿಗಿಂತ ಹಿಂದಿನದೋ ಮುಂದಿನದೋ ಸ್ಪಷ್ಟ ಬರುತ್ತಿದ್ದರೆ ಫೋಕಸ್ ಜಾರಿದೆ ಅಂತ. 7ಡಿ ಮಾರ್ಕ್ 2, 80ಡಿ, ಡಿ7200ಗಳಲ್ಲಿ ಇದನ್ನು ಮೆನುವಿನಲ್ಲೇ ತಿದ್ದಬಹುದು. ಡಿ5600, 200ಡಿ ಥರದ ಸಣ್ಣ ಬಾಡಿಗಳಲ್ಲಿ ಆಗುವುದಿಲ್ಲ. ಇದನ್ನು ಸಣ್ಣ ವಿಷಯ ಅಂದುಕೊಳ್ಳಬೇಡಿ. ಕ್ರಾಪ್ ಬಾಡಿಯಲ್ಲಿ 85 ಎಂಎಂ ಎಫ್ 1.8ರಲ್ಲಿ ಐದು ಮೀಟರ್ ದೂರಕ್ಕೆ ಸ್ಪಷ್ಟವಾಗಿ ಬರುವ ಆಳ ಬರೀ 25 ಸೆಂಟಿಮೀಟರ್.

ಹಂತ 6: ದುಡ್ಡು ಹಂಚಿಕೆ

ದರ ತಿಂಗಳಿಗೊಂದು ಥರ, ಊರಿಗೊಂದು ಥರ. ಹಾಗಾಗಿ ರೂಪಾಯಿಗಿಂತ ಪಾಲು ಹೇಳುತ್ತೇನೆ. ನೂರು ರೂಪಾಯಿ ಇದ್ದರೆ ಐವತ್ತು ಲೆನ್ಸಿಗೆ, ನಲವತ್ತು ಬಾಡಿ ಕೊಳ್ಳಲು, ಉಳಿದ ಹತ್ತು ಕಾರ್ಡ್ ಮತ್ತು ಇನ್ನೊಂದು ಬ್ಯಾಟರಿಗೆ. ವಿ30 ಗುರುತಿನ 64 ಜಿಬಿ ಕಾರ್ಡ್ ಎರಡು ಇದ್ದರೆ ಸಾಕು. ಟ್ರೈಪಾಡ್ ಬೇಡ, ಕೋರ್ಟಿನ ಪಕ್ಕ ಅದು ಎಡವುವ ಕಲ್ಲು. ಫ್ಲ್ಯಾಶ್ ಬೇಡ. ಅಗ್ಗದ ಯುವಿ ಫಿಲ್ಟರ್ ಅಂತೂ ಬೇಡವೇ ಬೇಡ, ಮೇಲಿನ ದೀಪಗಳ ಪ್ರತಿಬಿಂಬ ಅದರಲ್ಲೇ ಕುಣಿಯುತ್ತದೆ. ಲೆನ್ಸ್ ಹುಡ್ ಹಾಕಿ, ಪೆಟ್ಟಿನಿಂದಲೂ ಕಾಯುತ್ತದೆ.

ಹಂತ 7: ಮೊದಲ ಪಂದ್ಯದ ದಿನ

ಅರ್ಧ ಗಂಟೆ ಮೊದಲು ಹೋಗಿ. ವಾರ್ಮ್ ಅಪ್ ಹೊತ್ತಿನಲ್ಲೇ ಎಲ್ಲ ಹೊಂದಿಸಿಕೊಳ್ಳಿ. ಮ್ಯಾನುಯಲ್ ಮೋಡ್, ಎಫ್ 1.8 ಅಥವಾ 2, ಶಟರ್ 1/1000, ಐಎಸ್‌ಒ ಮುಖಕ್ಕೆ ತಕ್ಕಂತೆ. ಹಾಲ್‌ನ ದೀಪ ಬದಲಾಗದಿದ್ದರೆ ಒಮ್ಮೆ ಇಟ್ಟದ್ದನ್ನು ಮತ್ತೆ ಮುಟ್ಟಬೇಡಿ. ಆಟೊಗೆ ಬಿಟ್ಟರೆ ಬಿಳಿ ಜೆರ್ಸಿ ಬಂದಾಗ ಕಪ್ಪಾಗಿಸುತ್ತದೆ, ಕಪ್ಪು ಪರದೆ ಬಂದಾಗ ಬೆಳ್ಳಗಾಗಿಸುತ್ತದೆ. ಐಎಸ್‌ಒಗೆ ಹೆದರಿ ಫೋಟೊ ಕಪ್ಪಗೆ ತೆಗೆದು ಆಮೇಲೆ ಕಂಪ್ಯೂಟರ್‌ನಲ್ಲಿ ಎತ್ತಿದರೆ ಕಾಳು ಇನ್ನೂ ಜಾಸ್ತಿ ಕಾಣುತ್ತದೆ. 6400ರಲ್ಲಿ ಸರಿಯಾಗಿ ಬೆಳಗಿದ ಫೋಟೊ, 3200ರಲ್ಲಿ ತೆಗೆದು ಎತ್ತಿದ್ದಕ್ಕೆ ಏನೂ ಕಡಿಮೆಯಿಲ್ಲ. ಉಳಿದ ಕಾಳು ತೆಗೆಯಲು ಲೈಟ್‌ರೂಮ್ ಸಾಫ್ಟ್‌ವೇರ್‌ನಲ್ಲಿ 2023ರಿಂದ ಎಐ ಡಿನಾಯ್ಸ್ ಇದೆ. ದುಡ್ಡು ಕೊಡಲು ಇಷ್ಟವಿಲ್ಲದವರಿಗೆ ಡಾರ್ಕ್‌ಟೇಬಲ್ ಉಚಿತ.

ಬಣ್ಣಕ್ಕೆ, ಅಂಕಣದ ನಡುವೆ ಒಂದು ಬಿಳಿ ಹಾಳೆ ಹಿಡಿಸಿ ಅದರ ಫೋಟೊ ತೆಗೆದು ಕಸ್ಟಮ್ ವೈಟ್ ಬ್ಯಾಲೆನ್ಸ್ ಮಾಡಿಕೊಳ್ಳಿ. ಫೋಕಸ್ ಓಡುವವರನ್ನು ಹಿಂಬಾಲಿಸುವ ಮೋಡ್‌ಗೆ ಇಡಿ: ಕ್ಯಾನನ್ ಡಿಎಸ್‌ಎಲ್‌ಆರ್‌ನಲ್ಲಿ ಎಐ ಸರ್ವೊ; ನಿಕಾನ್, ಸೋನಿಯಲ್ಲಿ ಎಎಫ್-ಸಿ. ಡಿಎಸ್‌ಎಲ್‌ಆರ್ ಆದರೆ ನಡುವಿನ ಪಾಯಿಂಟ್ ಸುತ್ತಲಿನ ಸಣ್ಣ ಗುಂಪು ಆರಿಸಿ, ಆಟಗಾರನ ಎದೆಯ ಮೇಲೆ ಇಡಿ. ಬ್ಯಾಡ್ಮಿಂಟನ್‌ನಲ್ಲಿ ನೆಟ್ ಬಹಳ ಕಾಟ ಕೊಡುತ್ತದೆ, ಫೋಕಸ್ ಅದರ ಮೇಲೇ ಹೋಗಿ ಕೂರುತ್ತದೆ. ಮೂಲೆಗೆ ಸರಿದು ಕೂತು, ಆಟಗಾರನ ತಲೆ ನೆಟ್‌ನ ಪಟ್ಟಿಗಿಂತ ಮೇಲೆ ಬರುವ ಹಾಗೆ ನೋಡಿಕೊಳ್ಳಿ.

ಸ್ಮ್ಯಾಶ್ ಹೊಡೆದ ಸದ್ದು ಕೇಳಿ ಒತ್ತಿದರೆ ತಡವಾಯಿತು. ಎದುರಿನವಳು ಶಟಲ್ ಎತ್ತರಕ್ಕೆ ಎತ್ತಿದಳು ಅಂದ ಕೂಡಲೇ ಈ ಕಡೆಯವಳು ಹಿಂದಕ್ಕೆ ಹೆಜ್ಜೆ ಇಡುತ್ತಾಳೆ. ಅವಳ ಎಡಗೈ ಶಟಲ್ ಕಡೆ ಬೊಟ್ಟು ಮಾಡಿದಂತೆ ಮೇಲೇಳುತ್ತದೆ. ಆ ಕೈ ಎದ್ದಾಗ ಒತ್ತಲು ಶುರು ಮಾಡಿ, ಕೈ ಇಳಿಯುವವರೆಗೆ ಬಿಡಬೇಡಿ. ಎಂಟೋ ಹತ್ತೋ ಫ್ರೇಮ್‌ನಲ್ಲಿ ಒಂದು ನಿಮ್ಮದು.

ಮನೆಗೆ ಬಂದ ಮೇಲೆ ಬೆವರು ಹಿಡಿದ ಬಾಡಿ ಒರೆಸಿ. ಲೆನ್ಸನ್ನು ಬ್ಯಾಗಿನಲ್ಲೇ ಬಿಡಬೇಡಿ, ಮಳೆಗಾಲದಲ್ಲಂತೂ ಬೇಡವೇ ಬೇಡ. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿ, ಒಳಗೆ ಬಣ್ಣ ಬದಲಾಗುವ ಸಿಲಿಕಾ ಜೆಲ್. ನೀಲಿ ಬಣ್ಣದ್ದಾದರೆ ನೀರು ಹೀರಿದಾಗ ಗುಲಾಬಿಯಾಗುತ್ತದೆ. ಆಗ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಬಿಸಿ ಮಾಡಿದರೆ ಮತ್ತೆ ನೀಲಿ. ಅದಕ್ಕೆ ಅಂತಲೇ ಒಂದು ಹಳೇ ಬಾಣಲೆ ಬೇರೆ ಇಟ್ಟುಕೊಳ್ಳಿ, ಒಗ್ಗರಣೆಯದ್ದು ತೆಗೆದುಕೊಂಡರೆ ಮನೆಯಲ್ಲಿ ಬೈಗುಳ ತಪ್ಪಿದ್ದಲ್ಲ.